ಉಪಗ್ರಹದ ಕಣ್ಣನ್ನು ಹೊಲದತ್ತ ತಿರುಗಿಸಿದ ಸತೀಶ್ ಧವನ್

ತಿ.ನರಸೀಪುರ ತಾಲ್ಲೂಕಿನ ಹೆಮ್ಮಿಗೆಯ ಆಸುಪಾಸಿನಲ್ಲಿ ಕಾವೇರಿ ಹರಿಯುತ್ತಾಳೆ. ನಾಲೆಯ ನೀರುಂಡ ಭತ್ತದ ಗದ್ದೆಗಳು ಒಂದೆಡೆಯಾದರೆ ಸಮೀಪದಲ್ಲೇ ತಲಕಾಡಿನ ಮರಳ ದಿಬ್ಬಗಳಿವೆ. ಇದೇ ನೆಲವನ್ನು ನೂರಾರು ಕಿಲೋಮೀಟರ್ ಎತ್ತರದಿಂದ ದೂರಸಂವೇದಿ ಉಪಗ್ರಹವೊಂದು ನೋಡಿದಾಗ ಮೂಡುವ ಚಿತ್ರವೇ ಬೇರೆ. ಬರಿಗಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನೂ ಬಳಸಿ ಸಿದ್ಧಪಡಿಸುವ ಆ ಚಿತ್ರದಲ್ಲಿ ಹಸಿರು ಪೈರು ಕೆಂಪಾಗಿ, ತಿಳಿನೀರು ಕಪ್ಪಾಗಿ, ಒಣ ಮರಳು ಬೆಳ್ಳಗೆ ಕಾಣುತ್ತದೆ. ಪೈರು ಸೊರಗಿದರೆ ಆ ಕೆಂಪು ಮಸುಕಾಗುತ್ತದೆ.

ಎಷ್ಟು ಎಕರೆಯಲ್ಲಿ ಬೆಳೆ ಇದೆ, ಕೆರೆಯಲ್ಲಿ ನೀರೆಷ್ಟು, ಕಾಡು ಎಲ್ಲಿ ಬರಿದಾಗಿದೆ ಎಂಬ ಪ್ರಶ್ನೆಗಳಿಗೆ ಸರ್ಕಾರಿ ಇಲಾಖೆಗಳು ಇಂದು ಇಂತಹ ಚಿತ್ರಗಳ ಮೊರೆ ಹೋಗುವುದು ಸಾಮಾನ್ಯವಾಗಿದೆ. ಆದರೆ ಐದು ದಶಕಗಳ ಹಿಂದೆ, ಬಡ ದೇಶಕ್ಕೆ ಉಪಗ್ರಹವೇಕೆ ಎಂಬ ಪ್ರಶ್ನೆಯೇ ದೊಡ್ಡದಾಗಿದ್ದ ಕಾಲದಲ್ಲಿ, ಇದಕ್ಕೆ ಭದ್ರವಾದ ತಳಹದಿ ಹಾಕಿದವರು ಪ್ರೊ. ಸತೀಶ್ ಧವನ್. ಉಪಗ್ರಹವನ್ನು ಹಾರಿಸುವುದಕ್ಕಿಂತ ಅದರ ಫಲ ಯಾರಿಗೆ ತಲುಪಬೇಕು ಎಂಬುದನ್ನು ಮೊದಲು ಯೋಚಿಸಿದ ಆಡಳಿತಗಾರ ಅವರು.

ಲಾಹೋರಿನಿಂದ ಬೆಂಗಳೂರಿಗೆ

ಧವನ್ ಅವರು ಜನಿಸಿದ್ದು 1920ರ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಅವರು ಪಡೆದ ಪದವಿಗಳು ಬಲು ವಿಶಿಷ್ಟ. ಗಣಿತ ಮತ್ತು ಭೌತವಿಜ್ಞಾನದಲ್ಲಿ ಬಿ.ಎ., ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಅದರೊಂದಿಗೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ. ಅನಂತರ ಅಮೆರಿಕಕ್ಕೆ ತೆರಳಿದ ಅವರು ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಯನ್ನೂ 1951ರಲ್ಲಿ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಿಂದ ಡಾಕ್ಟರೇಟ್ ಅನ್ನೂ ಪಡೆದರು.

ಅದೇ ವರ್ಷ ಸ್ವದೇಶಕ್ಕೆ ಮರಳಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. 1955ರಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಾದರು. 1962ರಲ್ಲಿ ಸಂಸ್ಥೆಯ ನಿರ್ದೇಶಕರಾಗಿ 1981ರವರೆಗೂ ಆ ಹೊಣೆ ಹೊತ್ತರು. ಹಳ್ಳಿಗಾಡಿನ ಅಗತ್ಯಗಳಿಗೆ ತಂತ್ರಜ್ಞಾನ ಒದಗಿಸುವ ಅಸ್ತ್ರ ಕಾರ್ಯಕ್ರಮವು 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ ಸಂಸ್ಥೆಯಲ್ಲಿ ಆರಂಭಗೊಂಡದ್ದು ಧವನ್ ಅವರ ಅವಧಿಯಲ್ಲೇ. ಪ್ರಯೋಗಾಲಯದ ವಿದ್ಯೆ ಊರಿನ ಒಲೆಗೂ ಒದಗಬೇಕೆಂಬ ಅದೇ ಧೋರಣೆ ಮುಂದೆ ಬಾಹ್ಯಾಕಾಶ ಕಾರ್ಯಕ್ರಮಕ್ಕೂ ಹರಿದುಬಂದಿತು.

ಎರಡು ಷರತ್ತುಗಳು

1971ರ ಡಿಸೆಂಬರ್ 30ರಂದು ಡಾ. ವಿಕ್ರಂ ಸಾರಾಭಾಯ್ ಹಠಾತ್ತನೆ ನಿಧನರಾದರು. ಆಗ ಧವನ್ ಅಮೆರಿಕದಲ್ಲಿದ್ದರು. ಬಾಹ್ಯಾಕಾಶ ಕಾರ್ಯಕ್ರಮದ ಸಾರಥ್ಯ ವಹಿಸುವಂತೆ ಪ್ರಧಾನಿ ಇಂದಿರಾ ಗಾಂಧಿ ಅವರಿಂದ ಆಹ್ವಾನ ಬಂದಾಗ ಅವರು ಎರಡು ಷರತ್ತುಗಳನ್ನು ಮುಂದಿಟ್ಟರು. ವಿಜ್ಞಾನ ಸಂಸ್ಥೆಯ ನಿರ್ದೇಶಕ ಸ್ಥಾನವನ್ನು ತಾವು ಬಿಡುವುದಿಲ್ಲ ಎಂಬುದು ಮೊದಲನೆಯದು. ಕಾರ್ಯಕ್ರಮದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು ಎಂಬುದು ಎರಡನೆಯದು. ಇಂದಿರಾ ಎರಡಕ್ಕೂ ಒಪ್ಪಿದರು. 1972ರ ಸೆಪ್ಟೆಂಬರ್‌ನಲ್ಲಿ ಧವನ್ ಅಧಿಕಾರ ವಹಿಸಿಕೊಂಡರು. ಬೆಂಗಳೂರು ಇಂದು ಬಾಹ್ಯಾಕಾಶ ನಗರಿ ಎನಿಸಿಕೊಂಡಿರುವುದಕ್ಕೆ ಆ ಎರಡನೆಯ ಷರತ್ತೇ ಬುನಾದಿ. ಇಸ್ರೋ ಕೇಂದ್ರ ಕಚೇರಿ ವರ್ಷಗಳ ಕಾಲ ಕಾರ್ಯ ನಿರ್ವಹಿಸಿದ್ದು ನಗರದ ಕಾವೇರಿ ಭವನದಲ್ಲಿ.

ಸಾರಾಭಾಯ್ ಕಂಡ ಕನಸನ್ನು ಸಂಸ್ಥೆ, ಯೋಜನೆ ಮತ್ತು ಕಾಲಮಿತಿಗಳ ಚೌಕಟ್ಟಿಗೆ ತಂದ ಶ್ರೇಯಸ್ಸು ಧವನ್ ಅವರಿಗೆ ಸಲ್ಲುತ್ತದೆ. ಉಡುಪಿ ಬಳಿಯ ಅದಮಾರಿನವರಾದ ಪ್ರೊ. ಯು.ಆರ್. ರಾವ್ ಅವರ ತಂಡ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ನಿರ್ಮಿಸಿದ ಆರ್ಯಭಟ ಉಪಗ್ರಹವು 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಕಕ್ಷೆ ಸೇರಿತು. ಇತ್ತ ಅದೇ ಹೊತ್ತಿಗೆ ಕರ್ನಾಟಕದ ಗಡಿಗೆ ಹೊಂದಿಕೊಂಡ ಅನಂತಪುರ ಜಿಲ್ಲೆಯಲ್ಲಿ ವಿಮಾನದಿಂದ ಅವಕೆಂಪು ಚಿತ್ರಗಳನ್ನು ತೆಗೆದು ಬೆಳೆಗಳನ್ನು ಗುರುತಿಸುವ ಪ್ರಯೋಗ ನಡೆಯಿತು. ಕೃಷಿ ವಿಜ್ಞಾನಿಗಳು ಅದರಲ್ಲಿ ಪಾಲುದಾರರಾಗಿದ್ದರು. ಉಪಗ್ರಹ ಸಿದ್ಧವಾಗುವ ಮುನ್ನವೇ ಅದನ್ನು ಬಳಸುವವರನ್ನು ಸಿದ್ಧಪಡಿಸುವ ಕ್ರಮವಿದು.

1979ರ ಪೆಟ್ಟುಗಳು

ಭಾರತದ ಮೊದಲ ಭೂವೀಕ್ಷಣಾ ಉಪಗ್ರಹ ಭಾಸ್ಕರ-1 ಉಡಾವಣೆಗೊಂಡದ್ದು 1979ರ ಜೂನ್ 7ರಂದು. ಅದರಲ್ಲಿ ನೆಲವನ್ನು ನೋಡುವ ಟಿ.ವಿ. ಕ್ಯಾಮೆರಾಗಳೂ ಸಾಗರದ ಮೇಲ್ಮೈ ಮತ್ತು ವಾತಾವರಣದ ತೇವಾಂಶವನ್ನು ಅರಿಯುವ ಮೈಕ್ರೋವೇವ್ ಉಪಕರಣವೂ ಇದ್ದವು. ಉಪಕರಣ ಕೆಲಸ ಮಾಡಿತು. ಆದರೆ ತಾಂತ್ರಿಕ ದೋಷದಿಂದಾಗಿ ಕ್ಯಾಮೆರಾಗಳನ್ನು ಚಾಲನೆಗೊಳಿಸಲು ಸಾಧ್ಯವಾಗಲಿಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ, ಆಗಸ್ಟ್ 10ರಂದು, ಶ್ರೀಹರಿಕೋಟಾದಿಂದ ನೆಗೆದ ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿದ್ದಿತು.

ಜನರ ತೆರಿಗೆ ಹಣ ಸಮುದ್ರ ಪಾಲಾಯಿತು ಎಂಬ ಟೀಕೆ ಸಹಜವಾಗಿತ್ತು. ಆ ದಿನ ಪತ್ರಕರ್ತರ ಮುಂದೆ ಕುಳಿತು ವೈಫಲ್ಯದ ಹೊಣೆ ಹೊತ್ತವರು ಸ್ವತಃ ಧವನ್. ಯೋಜನಾ ನಿರ್ದೇಶಕರಾಗಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ ಅವರನ್ನು ಮುಂದೆ ತಳ್ಳಲಿಲ್ಲ. 1980ರ ಜುಲೈ 18ರಂದು ಅದೇ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಮಾತ್ರ ಸುದ್ದಿಗೋಷ್ಠಿಯನ್ನು ಕಲಾಂ ಅವರಿಗೇ ಒಪ್ಪಿಸಿ ತಾವು ಹಿಂದೆ ಸರಿದರು. ಕಲಾಂ ಈ ಪ್ರಸಂಗವನ್ನು ಜೀವನದುದ್ದಕ್ಕೂ ಸ್ಮರಿಸುತ್ತಿದ್ದರು.

ಭಾಸ್ಕರದ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ಸುಮಾರು ಒಂದು ವರ್ಷ ಕಾದ ತರುವಾಯ 1980ರ ಮೇ ತಿಂಗಳಲ್ಲಿ ಒಂದು ಕ್ಯಾಮೆರಾ ಕಣ್ತೆರೆಯಿತು. 1981ರ ನವೆಂಬರ್ 20ರಂದು ಹಾರಿದ ಭಾಸ್ಕರ-2 ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಕಳುಹಿಸಿತು.

ಕಾಡಿನ ಲೆಕ್ಕ ಬಯಲು

ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ 1980ರಲ್ಲಿ ಬಾಹ್ಯಾಕಾಶ ಇಲಾಖೆಯ ವ್ಯಾಪ್ತಿಗೆ ಬಂದಿತು. ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳ ನೆರವಿನಿಂದ ಈ ಸಂಸ್ಥೆ ದೇಶದ ಅರಣ್ಯವನ್ನು ಅಳೆಯಿತು. 1972-75ರ ಅವಧಿಯಲ್ಲಿ ದೇಶದ ಭೂಭಾಗದ ಶೇ 16.9ರಷ್ಟಿದ್ದ ಅರಣ್ಯ 1980-82ರ ಹೊತ್ತಿಗೆ ಶೇ 14.1ಕ್ಕೆ ಕುಸಿದಿತ್ತು. ಸರ್ಕಾರಿ ದಾಖಲೆಗಳು ಹೇಳುತ್ತಿದ್ದ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚಿತ್ತು. ಅರಣ್ಯ ಇಲಾಖೆಯ ಲೆಕ್ಕಕ್ಕೂ ಆಕಾಶದ ಲೆಕ್ಕಕ್ಕೂ ತಾಳೆಯಾಗದೆ ದೊಡ್ಡ ಚರ್ಚೆಯೇ ನಡೆಯಿತು. ಕಾಗದದ ಮೇಲೆ ಕಾಡೆನಿಸಿದ್ದು ನೆಲದ ಮೇಲೆ ಕಾಡಾಗಿ ಉಳಿದಿಲ್ಲ ಎಂಬ ಸತ್ಯವನ್ನು ಉಪಗ್ರಹ ಮರೆಮಾಚದೆ ತೋರಿಸಿತ್ತು. 1987ರಿಂದ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯು ಉಪಗ್ರಹ ಚಿತ್ರ ಆಧರಿಸಿ ಅರಣ್ಯ ಸ್ಥಿತಿಗತಿ ವರದಿಗಳನ್ನು ಪ್ರಕಟಿಸುತ್ತಾ ಬಂದಿದೆ.

ಇಂತಹ ಮಾಹಿತಿ ವಿಜ್ಞಾನಿಗಳ ಕಪಾಟಿನಲ್ಲಿ ಉಳಿಯದೆ ಕೃಷಿ, ಅರಣ್ಯ, ನೀರಾವರಿ ಇಲಾಖೆಗಳ ಮೇಜಿಗೆ ಬರಬೇಕೆಂಬ ಉದ್ದೇಶದಿಂದ ಯೋಜನಾ ಆಯೋಗವನ್ನು ಒಳಗೊಂಡ ರಾಷ್ಟ್ರೀಯ ನೈಸರ್ಗಿಕ ಸಂಪನ್ಮೂಲ ನಿರ್ವಹಣಾ ವ್ಯವಸ್ಥೆ ರೂಪುಗೊಂಡಿತು. ಇದಕ್ಕೆ ಪೀಠಿಕೆ ಬಿದ್ದದ್ದು ಧವನ್ ಅವಧಿಯ ಕೊನೆಯ ವರ್ಷಗಳಲ್ಲಿ. 1984ರಲ್ಲಿ ಅವರು ಇಸ್ರೋ ಅಧ್ಯಕ್ಷ ಸ್ಥಾನವನ್ನು ಯು.ಆರ್. ರಾವ್ ಅವರಿಗೆ ವಹಿಸಿಕೊಟ್ಟರು. 1986ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ಸ್ಥಾಪನೆಗೊಂಡಿತು.

ಎಕರೆಯಿಂದ ಗುಂಟೆಗೆ

ಧವನ್ ಕಾಲದ ಬೀಜ ಹೇಗೆ ಮರವಾಯಿತು ಎಂಬುದನ್ನು ರೈತನ ಅಳತೆಯಲ್ಲೇ ಹೇಳಬಹುದು. ಉಪಗ್ರಹ ಚಿತ್ರವೆಂದರೆ ಚುಕ್ಕೆಗಳ ರಾಶಿ. ಭಾಸ್ಕರ ತೆಗೆದ ಚಿತ್ರದಲ್ಲಿ ಒಂದು ಚುಕ್ಕೆ ಸುಮಾರು ಒಂದು ಚದರ ಕಿಲೋಮೀಟರ್, ಅಂದರೆ 247 ಎಕರೆ ನೆಲವನ್ನು ನುಂಗುತ್ತಿತ್ತು. 1988ರ ಮಾರ್ಚ್ 17ರಂದು ಬೈಕನೂರಿನಿಂದ ಹಾರಿದ ಐಆರ್‌ಎಸ್-1ಎ ಉಪಗ್ರಹದ ಒಂದು ಕ್ಯಾಮೆರಾದ ಚುಕ್ಕೆ 1.3 ಎಕರೆಗೆ ಇಳಿಯಿತು. ಅದರದೇ ಇನ್ನೊಂದು ಬಗೆಯ ಕ್ಯಾಮೆರಾದ ಚುಕ್ಕೆ ಸುಮಾರು 13 ಗುಂಟೆ. 1995ರ ಡಿಸೆಂಬರ್‌ನಲ್ಲಿ ಬಂದ ಐಆರ್‌ಎಸ್-1ಸಿ ಕಪ್ಪುಬಿಳುಪು ಚಿತ್ರದಲ್ಲಿ ಗುಂಟೆಯ ಮೂರನೇ ಒಂದು ಭಾಗವನ್ನೂ ಗುರುತಿಸಿತು. ಆಗ ನಾಗರಿಕ ಬಳಕೆಯ ಉಪಗ್ರಹಗಳಲ್ಲಿ ಇಷ್ಟು ಸೂಕ್ಷ್ಮ ನೋಟ ಬೇರಾವುದಕ್ಕೂ ಇರಲಿಲ್ಲ.

ನೋಟ ಹರಿತವಾದಂತೆ ಮಾರುಕಟ್ಟೆಯೂ ತೆರೆಯಿತು. 1992ರಲ್ಲಿ ಸ್ಥಾಪನೆಗೊಂಡ ಆಂಟ್ರಿಕ್ಸ್ ನಿಗಮವು ಅಮೆರಿಕದ ಈಯೋಸ್ಯಾಟ್ ಕಂಪೆನಿಯೊಂದಿಗೆ ಒಪ್ಪಂದ ಮಾಡಿಕೊಂಡು ಭಾರತೀಯ ಉಪಗ್ರಹಗಳ ಮಾಹಿತಿಯನ್ನು ಹೊರದೇಶಗಳಿಗೆ ಮಾರಾಟ ಮಾಡಿತು. ಒಂದು ಕಾಲಕ್ಕೆ ಅಮೆರಿಕದ ಚಿತ್ರಗಳನ್ನು ಕೊಂಡು ತನ್ನ ಕಾಡನ್ನು ಎಣಿಸಿದ ದೇಶ ತನ್ನ ಚಿತ್ರಗಳನ್ನು ಅಮೆರಿಕದಲ್ಲೇ ಮಾರುವಂತಾಯಿತು. 2023ರ ಬಾಹ್ಯಾಕಾಶ ನೀತಿಯು ಐದು ಮೀಟರ್ ಮತ್ತು ಅದಕ್ಕಿಂತ ಸ್ಥೂಲವಾದ ಸರ್ಕಾರಿ ಚಿತ್ರಗಳನ್ನು ಉಚಿತವಾಗಿ ಮುಕ್ತಗೊಳಿಸಿತು. ಬೆಂಗಳೂರಿನ ಪಿಕ್ಸೆಲ್‌ನಂತಹ ಖಾಸಗಿ ಕಂಪೆನಿಗಳು ಈಗ ತಮ್ಮದೇ ಭೂವೀಕ್ಷಣಾ ಉಪಗ್ರಹಗಳನ್ನು ಹೊಂದಿವೆ.

ಹಕ್ಕಿಗಳ ನಂಟು

ನಿವೃತ್ತಿಯ ನಂತರವೂ ಧವನ್ ಅವರನ್ನು ಬಿಡದ ಆಸಕ್ತಿಯೆಂದರೆ ಪಕ್ಷಿಗಳ ಹಾರಾಟ. ಶ್ರೀಹರಿಕೋಟಾಕ್ಕೆ ಹೊಂದಿಕೊಂಡ ಪುಲಿಕಾಟ್ ಸರೋವರದ ಹಕ್ಕಿಗಳನ್ನು ಅವರು ಗಂಟೆಗಟ್ಟಲೆ ಗಮನಿಸುತ್ತಿದ್ದರು. ಹಕ್ಕಿಯ ರೆಕ್ಕೆಯ ವಿಜ್ಞಾನವನ್ನು ವಿವರಿಸುವ ಅವರ ಪುಸ್ತಕ 1991ರಲ್ಲಿ ಪ್ರಕಟವಾಯಿತು. ಪದ್ಮವಿಭೂಷಣ ಗೌರವ 1981ರಲ್ಲೇ ಸಂದಿತ್ತು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು. ಅದೇ ವರ್ಷ ಶ್ರೀಹರಿಕೋಟಾದ ಉಡಾವಣಾ ಕೇಂದ್ರಕ್ಕೆ ಅವರ ಹೆಸರಿಡಲಾಯಿತು. ಮೋಡವಿದ್ದರೂ ಇರುಳಾದರೂ ನೆಲವನ್ನು ನೋಡಬಲ್ಲ ಭಾರತ-ಅಮೆರಿಕ ಜಂಟಿ ರಾಡಾರ್ ಉಪಗ್ರಹ ನಿಸಾರ್ 2025ರ ಜುಲೈ 30ರಂದು ಹಾರಿದ್ದೂ ಅಲ್ಲಿಂದಲೇ.

ಆದರೂ ಧವನ್ ಎತ್ತಿದ್ದ ಮೂಲ ಪ್ರಶ್ನೆ ಹಾಗೆಯೇ ಇದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯಂತೆ, ಬರ ನಿರ್ಣಯಿಸುವ ಮಾನದಂಡಗಳಲ್ಲಿ ಉಪಗ್ರಹ ಕಂಡ ಪೈರಿನ ಸ್ಥಿತಿಯೂ ಒಂದು. ಮಸುಕಾದ ಕೆಂಪು ಬಣ್ಣವೊಂದು ತಾಲ್ಲೂಕಿನ ಪರಿಹಾರದ ಹಣೆಬರಹವನ್ನು ಪ್ರಭಾವಿಸುವ ಕಾಲವಿದು. ಹಾಗಿದ್ದೂ ತನ್ನ ಗದ್ದೆ ಆ ಚಿತ್ರದಲ್ಲಿ ಹೇಗೆ ಮೂಡಿದೆ ಎಂಬುದನ್ನು ಕಣ್ಣಾರೆ ಕಂಡ ರೈತರು ವಿರಳ. ಉಪಗ್ರಹದ ಕಣ್ಣು ಹೊಲವನ್ನು ತಲುಪಿದೆ. ಅದು ಕಂಡದ್ದು ಹೊಲದ ಒಡೆಯನಿಗೂ ಸಕಾಲದಲ್ಲಿ ತಲುಪಿದರೆ ಧವನ್ ಆರಂಭಿಸಿದ ಕೆಲಸ ಪೂರ್ಣಗೊಂಡಂತೆ.