ಮೈದಾನದ ಗುರು ರಹೀಂ ಸಾಹೇಬರು

ಮಳೆಗಾಲ ಕಳೆದ ಮೇಲೆ ಸಂಜೆಯ ಹೊತ್ತಿನಲ್ಲಿ ಬೆಳಗಾವಿಯ ಮಹಾಂತೇಶ ನಗರದ ಕಡೆಗೆ ಹೋದರೆ, ಬಯಲಿನಲ್ಲಿ ಚೆಂಡಿನ ಬೆನ್ನುಹತ್ತಿ ಓಡುವ ಹುಡುಗರು ಕಾಣಸಿಗುತ್ತಾರೆ. ಎರಡು ಕಲ್ಲುಗಳನ್ನು ಇಟ್ಟರೆ ಅದೇ ಗೋಲು. ಕತ್ತಲಾಗುವುದೇ ಆಟ ಮುಗಿಯಿತೆಂಬುದಕ್ಕೆ ಸೀಟಿ. ಸೋತ ಗುಂಪು ಮನೆಗೆ ಹೊರಟಾಗ ದಾರಿಯುದ್ದಕ್ಕೂ ಒಂದೇ ಚರ್ಚೆ ನಡೆಯುತ್ತದೆ: ತಪ್ಪು ಯಾರದು? ಮುಂದೆ ಆಡಿದವನು ಗೋಲು ಹೊಡೆಯಲಿಲ್ಲವೆಂದು ಒಬ್ಬನು ದೂರುತ್ತಾನೆ; ಹಿಂದೆ ನಿಂತವನು ಚೆಂಡನ್ನು ತಡೆಯಲಿಲ್ಲವೆಂದು ಮತ್ತೊಬ್ಬನು ಹೇಳುತ್ತಾನೆ. ಕೊನೆಗೆ ನಾಯಕನನ್ನು ಬದಲಾಯಿಸಬೇಕೆಂಬ ತೀರ್ಮಾನವಾಗುತ್ತದೆ. ದೊಡ್ಡವರ ಆಟದಲ್ಲಿಯೂ ಇದೇ ರೂಢಿ. ಕಾಲೇಜು ತಂಡವಿರಲಿ, ರಾಷ್ಟ್ರತಂಡವಿರಲಿ, ಸೋಲು ಬಂದೊಡನೆ ಮೊದಲು ಬದಲಾಗುವುದು ತರಬೇತುದಾರನ ಹೆಸರು. ಆದರೆ ಹೆಸರು ಬದಲಾದ ಮಾತ್ರಕ್ಕೆ ಆಟ ಬದಲಾಗುವುದೇ? ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟವರು ಒಬ್ಬ ಶಾಲಾ ಶಿಕ್ಷಕರು. ಅವರೇ ಸೈಯದ್ ಅಬ್ದುಲ್ ರಹೀಂ.

ರಹೀಮರು 1909ನೆಯ ಇಸವಿ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಆಗ ಹೈದರಾಬಾದು ನಿಜಾಮರ ರಾಜಧಾನಿ. ನಮ್ಮ ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳೂ ಅದೇ ಸಂಸ್ಥಾನಕ್ಕೆ ಸೇರಿದ್ದವು. ಬ್ರಿಟಿಷರ ಸೇನೆ ಬೀಡುಬಿಟ್ಟಿದ್ದ ಸಿಕಂದರಾಬಾದು, ಬೆಂಗಳೂರು, ಬೆಳಗಾವಿಗಳಂತಹ ದಂಡುಪ್ರದೇಶಗಳಲ್ಲಿ ಸೈನಿಕರು ಫುಟ್‌ಬಾಲ್ ಆಡುತ್ತಿದ್ದರು. ಅವರನ್ನು ನೋಡಿ ಊರಿನ ಹುಡುಗರೂ ಆ ಆಟವನ್ನು ಕಲಿತರು. ಬೂಟು ಕೊಳ್ಳುವ ಶಕ್ತಿ ಅವರಿಗಿರಲಿಲ್ಲ; ಆದುದರಿಂದ ಬರಿಗಾಲಿನಲ್ಲಿಯೇ ಆಡಿದರು. ಹಾಗೆ ಆಡುತ್ತಾ ಬೆಳೆದವರಲ್ಲಿ ರಹೀಮರೂ ಒಬ್ಬರು.

ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ ಪದವಿ ಪಡೆದ ರಹೀಮರು ಆರಿಸಿಕೊಂಡದ್ದು ಶಿಕ್ಷಕವೃತ್ತಿಯನ್ನು. ಹೈದರಾಬಾದಿನ ಕಾಚಿಗುಡ, ಚಾದರ್‌ಘಾಟ್ ಮೊದಲಾದ ಕಡೆಗಳ ಶಾಲೆಗಳಲ್ಲಿ ಅವರು ಪಾಠ ಹೇಳಿದರು. ಮುಂದೆ ದೈಹಿಕ ಶಿಕ್ಷಣದಲ್ಲಿಯೂ ತರಬೇತಿ ಪಡೆದು, ಮಕ್ಕಳ ಆಟಪಾಠಗಳೆರಡರ ಹೊಣೆಯನ್ನೂ ಹೊತ್ತರು. ಸ್ವತಃ ಒಳ್ಳೆಯ ಆಟಗಾರರಾಗಿದ್ದರೂ ಅವರಿಗೆ ಕೀರ್ತಿ ಬಂದದ್ದು ಆಡಿದ್ದರಿಂದಲ್ಲ. ಇತರರಿಗೆ ಆಡಲು ಕಲಿಸಿದ್ದರಿಂದ. ಜನರು ಅವರನ್ನು ಪ್ರೀತಿಯಿಂದ ರಹೀಂ ಸಾಹೇಬರೆಂದು ಕರೆಯುತ್ತಿದ್ದರು.

1940ರ ದಶಕದಲ್ಲಿ ಅವರು ಹೈದರಾಬಾದಿನ ಫುಟ್‌ಬಾಲ್ ಸಂಘದ ಕಾರ್ಯದರ್ಶಿಯಾದರು. ಅಲ್ಲಿನ ಆಟಗಾರರಲ್ಲಿ ಅವರು ಕಂಡ ಕೊರತೆಗಳು ಮುಖ್ಯವಾಗಿ ಎರಡು. ಚೆಂಡು ಕಾಲಿಗೆ ಸಿಕ್ಕಿದವನು ಅದನ್ನು ಬೇರೆಯವರಿಗೆ ಬಿಟ್ಟುಕೊಡದೆ ತಾನೊಬ್ಬನೇ ಕೊಂಡೊಯ್ಯಲು ಹವಣಿಸುತ್ತಿದ್ದನು. ಅಲ್ಲದೆ, ಬಹುತೇಕರಿಗೆ ಬಲಗಾಲೊಂದೇ ಆಧಾರ. ಎಡಗಾಲು ಓಡುವುದಕ್ಕಷ್ಟೇ ಇತ್ತು. ಇದನ್ನು ತಿದ್ದಲು ರಹೀಮರು ಉಪದೇಶದ ಹಾದಿ ಹಿಡಿಯಲಿಲ್ಲ. ಒಬ್ಬನೇ ಚೆಂಡನ್ನು ಎಳೆದಾಡಕೂಡದು, ಬಂದ ಚೆಂಡನ್ನು ಕೂಡಲೇ ಜೊತೆಗಾರನಿಗೆ ಒಪ್ಪಿಸಬೇಕು ಎಂಬ ನಿಯಮವಿಟ್ಟು ಒಂದು ಪಂದ್ಯಾವಳಿಯನ್ನು ನಡೆಸಿದರು. ದುರ್ಬಲವಾದ ಕಾಲಿನಿಂದಲೇ ಚೆಂಡನ್ನು ಒದೆಯಬೇಕೆಂಬ ಇನ್ನೊಂದು ಪಂದ್ಯಾವಳಿಯನ್ನು ಏರ್ಪಡಿಸಿದರು. ಗಣಿತದಲ್ಲಿ ಹಿಂದುಳಿದ ಮಗುವಿಗೆ ಗಣಿತದ ಅಭ್ಯಾಸವನ್ನೇ ಹೆಚ್ಚು ಕೊಡುವಂತೆ, ಅವರು ಬಲಹೀನವಾದ ಕಾಲಿಗೇ ಹೆಚ್ಚು ಕೆಲಸ ಕೊಟ್ಟರು. ಆಟವೇ ಪಾಠವಾಯಿತು, ಶಿಕ್ಷೆಯ ಭಯವಿಲ್ಲದೆ ಶಿಸ್ತು ಮೂಡಿತು.

ಹೈದರಾಬಾದ್ ನಗರ ಪೊಲೀಸ್ ತಂಡವು ರಹೀಮರ ಕೈಯಲ್ಲಿ ಪಳಗಿದ್ದು ಹೀಗೆಯೇ. ಆ ಕಾಲದಲ್ಲಿ ಭಾರತದ ಫುಟ್‌ಬಾಲ್ ಎಂದರೆ ಕಲ್ಕತ್ತೆಯ ಪ್ರಸಿದ್ಧ ತಂಡಗಳ ಹೆಸರೇ ಎಲ್ಲರ ಬಾಯಲ್ಲಿ. ಅಂತಹ ದಿನಗಳಲ್ಲಿ ಹೈದರಾಬಾದಿನ ಈ ಪೊಲೀಸರು 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಗೆದ್ದರು. 1956–57 ಮತ್ತು 1957–58ರಲ್ಲಿ ಹೈದರಾಬಾದ್ ತಂಡವು ಸಂತೋಷ್ ಟ್ರೋಫಿಯನ್ನೂ ಪಡೆಯಿತು.

ಇಂತಹ ಗುರುವಿಗೆ ರಾಷ್ಟ್ರತಂಡದ ಕರೆ ಬಂದದ್ದು ಸಹಜವೇ ಆಗಿತ್ತು. 1951ರಲ್ಲಿ ಮೊದಲನೆಯ ಏಷ್ಯನ್ ಕ್ರೀಡಾಕೂಟವು ದೆಹಲಿಯಲ್ಲಿ ನಡೆಯಿತು. ಅಂತಿಮ ಪಂದ್ಯದಲ್ಲಿ ಸಾಹು ಮೇವಾಲಾಲ್ ಹೊಡೆದ ಏಕೈಕ ಗೋಲಿನಿಂದ ಭಾರತವು ಇರಾನನ್ನು ಸೋಲಿಸಿ ಚಿನ್ನದ ಪದಕ ಗಳಿಸಿತು. ಸ್ವತಂತ್ರ ಭಾರತಕ್ಕೆ ಅದೊಂದು ಹಬ್ಬ. ಬರಿಗಾಲಿನ ಆಟಕ್ಕೆ ಎದುರಿಲ್ಲವೆಂದು ಹಲವರು ಹೆಮ್ಮೆಪಟ್ಟರು.

ಆ ಹೆಮ್ಮೆ ಬಹುಕಾಲ ಉಳಿಯಲಿಲ್ಲ. 1952ನೆಯ ಇಸವಿ ಜುಲೈ 15. ಫಿನ್ಲೆಂಡ್ ದೇಶದ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಯುಗೊಸ್ಲಾವಿಯ ಎದುರಾಯಿತು. ಅದು ಚಳಿಯ ದೇಶ. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನವರು. ನಮ್ಮ ದೇಶದೊಳಗಿನ ಪಂದ್ಯಗಳು ಆಗ 90 ನಿಮಿಷಗಳಿಗಿಂತ ಕಡಿಮೆ ಅವಧಿಯವಾಗಿದ್ದುದರಿಂದ ಪೂರ್ಣ ಅವಧಿ ಓಡುವ ಅಭ್ಯಾಸವೂ ಅವರಿಗಿರಲಿಲ್ಲ. ಯುಗೊಸ್ಲಾವಿಯ ಹತ್ತು ಗೋಲುಗಳನ್ನು ಹೊಡೆಯಿತು. ಭಾರತದ ಪಾಲಿಗೆ ಬಂದದ್ದು ಒಂದೇ ಗೋಲು. ಅದನ್ನು ಹೊಡೆದವರು ನಮ್ಮ ಬೆಂಗಳೂರಿನ ಅಹಮದ್ ಖಾನ್. ದೆಹಲಿಯಲ್ಲಿ ಹಾರ ಹಾಕಿಸಿಕೊಂಡ ತಂಡವು ತಲೆತಗ್ಗಿಸಿ ಮರಳಬೇಕಾಯಿತು.

ಸೋತ ಶಿಕ್ಷಕನ ಮುಂದೆ ಎರಡು ದಾರಿಗಳಿರುತ್ತವೆ. ವಿದ್ಯಾರ್ಥಿಗಳು ದಡ್ಡರೆಂದು ಕೈತೊಳೆದುಕೊಳ್ಳುವುದು ಒಂದು. ಪಾಠದ ಕ್ರಮವನ್ನೇ ಮರುಪರಿಶೀಲಿಸುವುದು ಇನ್ನೊಂದು. ರಹೀಮರು ಎರಡನೆಯ ದಾರಿಯನ್ನು ಹಿಡಿದರು. ಆ ಸೋಲಿನ ನಂತರ ಭಾರತದ ಫುಟ್‌ಬಾಲ್ ಮಂಡಳಿಯು ಬೂಟು ಧರಿಸುವುದನ್ನು ಕಡ್ಡಾಯಗೊಳಿಸಿತು. ಬೂಟಿನಿಂದ ಕಾಲಿಗೆ ರಕ್ಷಣೆ ದೊರೆಯಿತು. ಆದರೆ ಆಟದ ರೀತಿ ಹಳೆಯದೇ ಆಗಿದ್ದರೆ ಬೂಟು ಏನು ಮಾಡೀತು? ಆವರೆಗೆ ನಮ್ಮವರು ಆಡುತ್ತಿದ್ದುದು ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ಎಂಬ ಹಳೆಯ ವ್ಯೂಹದಲ್ಲಿ. ಮುಂದಿನ ಐವರೂ ಒಂದೇ ಸಾಲಿನಲ್ಲಿ ನಿಂತು ಚೆಂಡಿಗಾಗಿ ಕಾಯುತ್ತಿದ್ದರೆ, ಎದುರಾಳಿಗೆ ಅವರನ್ನು ಕಟ್ಟಿಹಾಕುವುದು ಸುಲಭ. ಹೆಲ್ಸಿಂಕಿಯಲ್ಲಿ ಚಿನ್ನ ಗೆದ್ದ ಹಂಗೆರಿಯವರು ಮುಂಚೂಣಿಯ ನಡುವಿನ ಆಟಗಾರನನ್ನು ತುಸು ಹಿಂದಕ್ಕೆ ಎಳೆದುಕೊಂಡು ಆಡುತ್ತಿದ್ದರು. ಅವನನ್ನು ಕಾಯಬೇಕಾದವನು ಅವನ ಬೆನ್ನುಹತ್ತಿ ಮುಂದೆ ಬಂದರೆ ಗೋಲಿನ ಮುಂದೆ ಜಾಗ ತೆರವಾಗುತ್ತಿತ್ತು. ಬರದೆ ನಿಂತರೆ ಅವನು ಯಾವ ಅಡ್ಡಿಯೂ ಇಲ್ಲದೆ ಆಟವನ್ನು ನಡೆಸುತ್ತಿದ್ದನು. 1953ರಲ್ಲಿ ಇಂಗ್ಲೆಂಡ್ ತಂಡವನ್ನು ಅದರ ನೆಲದಲ್ಲಿಯೇ ಆರು ಗೋಲುಗಳಿಗೆ ಮೂರರಂತೆ ಹಂಗೆರಿ ಸೋಲಿಸಿದ್ದು ಈ ತಂತ್ರದಿಂದಲೇ. ರಹೀಮರು ಅದನ್ನು ಅಭ್ಯಾಸ ಮಾಡಿ ನಮ್ಮ ಆಟಗಾರರಿಗೆ ಒಗ್ಗುವಂತೆ ಹೊಂದಿಸಿದರು.

ನಡುವೆ ತರಬೇತುದಾರರ ಬದಲಾವಣೆಯೂ ಆಯಿತು. 1954ರ ಮನಿಲಾ ಏಷ್ಯನ್ ಕ್ರೀಡಾಕೂಟಕ್ಕೆ ತಂಡದ ಹೊಣೆ ಬೇರೊಬ್ಬರದಾಯಿತು. ಅಲ್ಲಿ ಭಾರತವು ಮೊದಲ ಹಂತವನ್ನೂ ದಾಟಲಿಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್ ಹೊತ್ತಿಗೆ ತಂಡವು ಮತ್ತೆ ರಹೀಮರ ಕೈಗೆ ಬಂದಿತು. ಹಂಗೆರಿಯು ಆಟದಿಂದ ಹಿಂದೆ ಸರಿದದ್ದರಿಂದ ಭಾರತಕ್ಕೆ ನೇರವಾಗಿ ಮುಂದಿನ ಸುತ್ತು ದೊರೆಯಿತು. ಅಲ್ಲಿ ಆತಿಥೇಯ ಆಸ್ಟ್ರೇಲಿಯವನ್ನು ಭಾರತವು ನಾಲ್ಕು ಗೋಲುಗಳಿಗೆ ಎರಡರಂತೆ ಸೋಲಿಸಿತು. ಆ ನಾಲ್ಕರಲ್ಲಿ ಮೂರನ್ನು ನೆವಿಲ್ ಡಿಸೋಜಾ ಒಬ್ಬರೇ ಹೊಡೆದರು. ಸೆಮಿಫೈನಲ್ ತಲಪಿದ ಏಷ್ಯದ ಮೊದಲ ತಂಡವೆಂಬ ಕೀರ್ತಿ ಭಾರತಕ್ಕೆ ಸಂದಿತು. ಅಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯ. ಮೊದಲು ಗೋಲು ಹೊಡೆದದ್ದು ಭಾರತವೇ. ಆದರೂ ಕೊನೆಗೆ ನಾಲ್ಕು ಗೋಲುಗಳಿಗೆ ಒಂದರಂತೆ ಸೋತಿತು. ಸೋಲು ಸೋಲೇ ನಿಜ. ಆದರೆ ಹತ್ತಕ್ಕೆ ಒಂದು ಎಂಬ ಸ್ಥಿತಿಯಿಂದ ನಾಲ್ಕು ವರ್ಷಗಳಲ್ಲಿ ತಂಡವು ಎಷ್ಟು ದೂರ ನಡೆದು ಬಂದಿತ್ತೆಂಬುದನ್ನು ಆ ಅಂಕಿಗಳೇ ಹೇಳುತ್ತವೆ.

1958ರ ಟೋಕಿಯೊ ಏಷ್ಯನ್ ಕ್ರೀಡಾಕೂಟದಲ್ಲಿ ಹೊಣೆ ಮತ್ತೆ ಬೇರೆಯವರಿಗೆ ಹೋಯಿತು. ತಂಡಕ್ಕೆ ನಾಲ್ಕನೆಯ ಸ್ಥಾನ ದೊರೆಯಿತು. 1960ರ ರೋಮ್ ಒಲಿಂಪಿಕ್ಸ್‌ಗೆ ತಂಡವನ್ನು ಕರೆದೊಯ್ದವರು ರಹೀಮರೇ. ಅಲ್ಲಿ ಹಂಗೆರಿಯಂತಹ ತಂಡದೆದುರು ಒಂದೇ ಗೋಲಿನ ಅಂತರದಿಂದ ಸೋತ ಭಾರತವು ಫ್ರಾನ್ಸ್ ದೇಶದೊಡನೆ ಸಮಬಲ ಸಾಧಿಸಿತು. ಪೆರು ದೇಶಕ್ಕೆ ಸೋತಿತು. ಆ ತಂಡದಲ್ಲಿ ರಹೀಮರ ಮಗ ಸೈಯದ್ ಶಾಹಿದ್ ಹಕೀಮರೂ ಇದ್ದರು. ಆದರೆ ಅವರಿಗೆ ಒಂದು ಪಂದ್ಯದಲ್ಲಿಯೂ ಆಡುವ ಅವಕಾಶ ಸಿಗಲಿಲ್ಲ. ತಂದೆಯೇ ತರಬೇತುದಾರರಾಗಿದ್ದರೂ ಮೈದಾನಕ್ಕೆ ಇಳಿಯುವ ಹನ್ನೊಂದು ಮಂದಿಯನ್ನು ಆರಿಸುವಾಗ ಮನೆಯ ಮಮತೆ ಅಡ್ಡಬರಲಿಲ್ಲ.

ಅವರ ಬಾಳಿನ ಕೊನೆಯ ಪರೀಕ್ಷೆ 1962ರಲ್ಲಿ ಇಂಡೊನೇಷ್ಯದ ಜಕಾರ್ತದಲ್ಲಿ ನಡೆಯಿತು. ಆ ವೇಳೆಗೆ ರಹೀಮರ ದೇಹವನ್ನು ಕ್ಯಾನ್ಸರ್ ರೋಗ ಆವರಿಸಿತ್ತು. ಕೆಮ್ಮು ಕಾಡುತ್ತಿತ್ತು, ಶಕ್ತಿ ಕುಂದುತ್ತಿತ್ತು. ಮೊದಲ ಪಂದ್ಯದಲ್ಲಿಯೇ ಭಾರತವು ದಕ್ಷಿಣ ಕೊರಿಯಕ್ಕೆ ಎರಡು ಗೋಲುಗಳಿಂದ ಸೋತಿತು. ಪಿ. ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ, ತುಳಸೀದಾಸ ಬಲರಾಂ ಅವರಂತಹ ಮುಂಚೂಣಿಯ ಆಟಗಾರರಿದ್ದೂ ಒಂದು ಗೋಲೂ ಬರಲಿಲ್ಲ. ಮುಂದಿನ ಪಂದ್ಯದಲ್ಲಿ ಥಾಯ್ಲೆಂಡನ್ನು ಸೋಲಿಸಿದರೂ ನೆಮ್ಮದಿಯಿರಲಿಲ್ಲ. ರಕ್ಷಣೆಯ ಕಂಬದಂತಿದ್ದ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಳ್ಳಬೇಕಾಯಿತು. ಜಪಾನನ್ನು ಎರಡು ಗೋಲುಗಳಿಂದ ಸೋಲಿಸಿ ತಂಡವು ಸೆಮಿಫೈನಲ್ ಮುಟ್ಟಿತು.

ಆಗ ರಹೀಮರು ಯಾರೂ ಎಣಿಸದ ಒಂದು ನಿರ್ಧಾರ ಕೈಗೊಂಡರು. ಗಾಯಗೊಂಡ ಜರ್ನೈಲರನ್ನು ತಂಡದಿಂದ ಬಿಡಲಿಲ್ಲ. ಅವರನ್ನು ಹಿಂದಿನ ಸಾಲಿನಿಂದ ತೆಗೆದು ಮುಂಚೂಣಿಯ ನಡುವೆ ನಿಲ್ಲಿಸಿದರು. ಕೋಟೆಯ ಬಾಗಿಲು ಕಾಯುವವನನ್ನು ದಂಡಿನ ಮುಂದಕ್ಕೆ ಕಳುಹಿಸಿದಂತಾಯಿತು. ಎತ್ತರದ, ಬಲಿಷ್ಠ ಮೈಕಟ್ಟಿನ ಜರ್ನೈಲರನ್ನು ತಡೆಯುವುದರಲ್ಲಿಯೇ ಎದುರಾಳಿಗಳು ತೊಡಗಿದರೆ ಪಿ. ಕೆ., ಚುನಿ, ಬಲರಾಂ ಅವರಿಗೆ ದಾರಿ ಸಿಗುವುದೆಂಬುದು ರಹೀಮರ ಲೆಕ್ಕ. ಲೆಕ್ಕ ತಪ್ಪಲಿಲ್ಲ. ದಕ್ಷಿಣ ವಿಯೆಟ್ನಾಂ ವಿರುದ್ಧ ಚುನಿ ಎರಡು, ಜರ್ನೈಲ್ ಒಂದು ಗೋಲು ಹೊಡೆದು, ಮೂರು ಗೋಲುಗಳಿಗೆ ಎರಡರಂತೆ ಭಾರತವು ಗೆದ್ದಿತು.

ಸೆಪ್ಟೆಂಬರ್ 4ರಂದು ಅಂತಿಮ ಪಂದ್ಯ. ಎದುರಾಳಿ ಮೊದಲು ಸೋಲಿಸಿದ್ದ ದಕ್ಷಿಣ ಕೊರಿಯವೇ. ಇಸ್ರೇಲ್ ಮತ್ತು ತೈವಾನ್ ದೇಶಗಳಿಗೆ ಕೂಟದಲ್ಲಿ ಪ್ರವೇಶ ದೊರೆಯದಿದ್ದುದನ್ನು ಭಾರತೀಯ ಅಧಿಕಾರಿಯೊಬ್ಬರು ಆಕ್ಷೇಪಿಸಿದ್ದರಿಂದ ಜಕಾರ್ತದ ಜನ ಭಾರತದ ಮೇಲೆ ಸಿಟ್ಟಾಗಿದ್ದರು. ಭಾರತದ ರಾಯಭಾರ ಕಚೇರಿಯ ಮೇಲೂ ದಾಳಿ ನಡೆದಿತ್ತು. ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಜನ. ನಮ್ಮ ಆಟಗಾರರ ಕಾಲಿಗೆ ಚೆಂಡು ಬಂದರೆ ಸಾಕು, ಕೂಗಾಟ. ಆ ದಿನ ರಹೀಮರು ಜ್ವರದಿಂದ ಆಗ ತಾನೇ ಚೇತರಿಸಿಕೊಂಡಿದ್ದ, ಎತ್ತರದ ನಿಲುವಿನ ಪೀಟರ್ ತಂಗರಾಜರನ್ನು ಗೋಲಿನ ಕಾವಲಿಗೆ ನಿಲ್ಲಿಸಿದರು. ಆಟ ಆರಂಭವಾಗಿ ಇಪ್ಪತ್ತು ನಿಮಿಷಗಳಾಗುವಷ್ಟರಲ್ಲಿ ಪಿ. ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಸಿಂಗ್ ಇನ್ನೊಂದು ಗೋಲು ಹೊಡೆದರು. ಕೊರಿಯಕ್ಕೆ ಕೊನೆಯ ಹೊತ್ತಿನಲ್ಲಿ ಒಂದು ಗೋಲು ಮಾತ್ರ ದಕ್ಕಿತು. ಚಿನ್ನದ ಪದಕ ಭಾರತದ್ದಾಯಿತು. ತಮ್ಮ ಗುರುವಿನ ಅನಾರೋಗ್ಯವನ್ನು ಕಣ್ಣಾರೆ ಕಂಡಿದ್ದ ಆ ಹುಡುಗರಿಗೆ ಅದು ಪದಕಕ್ಕಿಂತ ಹೆಚ್ಚಾಗಿ ಗುರುದಕ್ಷಿಣೆಯಾಗಿತ್ತು.

ಅಲ್ಲಿಂದ ಒಂದು ವರ್ಷವೂ ತುಂಬಲಿಲ್ಲ. 1963ನೆಯ ಇಸವಿ ಜೂನ್ 11ರಂದು ರಹೀಮರು ತಮ್ಮ ಐವತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ನಂತರ ಎಷ್ಟೋ ಮಂದಿ ತರಬೇತುದಾರರು ಬಂದರು, ವಿದೇಶಗಳಿಂದಲೂ ಬಂದರು. ಆದರೆ 1960ರ ಬಳಿಕ ಭಾರತದ ಪುರುಷರ ಫುಟ್‌ಬಾಲ್ ತಂಡವು ಒಲಿಂಪಿಕ್ಸ್ ಅಂಗಳವನ್ನು ತುಳಿದಿಲ್ಲ. ಏಷ್ಯನ್ ಕ್ರೀಡಾಕೂಟದ ಚಿನ್ನವೂ 1962ರ ನಂತರ ಕೈಗೆ ಬಂದಿಲ್ಲ. ಒಬ್ಬ ಗುರುವಿನ ಜ್ಞಾನವು ಅವನೊಬ್ಬನಲ್ಲಿಯೇ ಉಳಿದು, ಊರೂರಿನ ಶಾಲೆಯ ಬಯಲಿಗೆ ಹರಿಯದೆ ಹೋದರೆ, ಅವನೊಡನೆಯೇ ಅದು ಮರೆಯಾಗುತ್ತದೆಂಬ ಎಚ್ಚರಿಕೆಯೂ ಈ ಕಥೆಯಲ್ಲಿದೆ.

ರಹೀಮರು ಸೋಲರಿಯದ ವೀರರಾಗಿರಲಿಲ್ಲ. ಹತ್ತು ಗೋಲುಗಳ ಸೋಲನ್ನು ಕಂಡವರು ಅವರು; ತಾವು ಬೆಳೆಸಿದ ತಂಡ ಪರರ ಕೈಗೆ ಹೋಗುವುದನ್ನೂ ಕಂಡವರು. ಪ್ರತಿಸಲವೂ ಅವರು ತಪ್ಪು ಯಾರದೆಂದು ಹುಡುಕುವ ಬದಲು ತಪ್ಪು ಎಲ್ಲಿದೆಯೆಂದು ಹುಡುಕಿದರು. ಎಡಗಾಲು ದುರ್ಬಲವಾಗಿದ್ದರೆ ಎಡಗಾಲಿಗೆ ಅಭ್ಯಾಸ ಕೊಟ್ಟರು. ಮುಂಚೂಣಿ ಸೊರಗಿದ್ದರೆ ಆಟಗಾರರ ಸ್ಥಾನಗಳನ್ನು ಬದಲಿಸಿದರು. ಮಹಾಂತೇಶ ನಗರದ ಬಯಲಿನಲ್ಲಿ ಸೋತು ಮನೆಗೆ ಮರಳುವ ಹುಡುಗರು ದಾರಿಯಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ ಆಗಿದೆ. ಅದಕ್ಕೆ ಉತ್ತರ ಕಂಡುಕೊಂಡವರಿಗೆ ಮರುದಿನ ಸಂಜೆ ಅದೇ ಬಯಲು, ಅದೇ ಎರಡು ಕಲ್ಲುಗಳು ಕಾದಿರುತ್ತವೆ.