ಫ್ಯಾಕ್ಸ್ ಕಂಡುಹಿಡಿದ ಗಡಿಯಾರದವನು: ಅಲೆಕ್ಸಾಂಡರ್ ಬೇನ್

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಯಾರಾದರೂ ಮಹನೀಯರ ಜೀವನ ಚರಿತ್ರೆ ಬರೆದುಕೊಡಿ ಎಂದು ಸಮಿತಿಯವರು ಫೋನ್ ಮಾಡಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಬರೆಯೋಣವೆಂದುಕೊಂಡರೆ ಆಗಲೇ ಇಬ್ಬರು ಒಪ್ಪಿಕೊಂಡಿದ್ದಾರಂತೆ. ಭದ್ರಾವತಿ ಪಕ್ಕದಲ್ಲೇ ಇರುವಾಗ ಅದು ಸಹಜವೇ. ಹಾಗಾಗಿ ನನಗೆ ಅನ್ನ ಕೊಟ್ಟ ಕೆಲಸಕ್ಕೆ ಮೂಲಪುರುಷನಾದ ಒಬ್ಬನ ಕಥೆ ಹೇಳುತ್ತೇನೆ. ಆಲ್ಕೊಳದ ಹಿರಿಯರಿಗೆ ಅವನ ಹೆಸರು ಹೊಸದಾಗಿರಬಹುದು, ಅವನ ಕೆಲಸ ಹೊಸದಲ್ಲ. 1990ರ ದಶಕದಲ್ಲಿ ಎಸ್‌ಟಿಡಿ ಬೂತಿನ ಹಳದಿ ಬೋರ್ಡಿನ ಮೇಲೆ ಫ್ಯಾಕ್ಸ್ ಎಂದು ಬರೆದಿರುತ್ತಿತ್ತಲ್ಲ, ಆ ಫ್ಯಾಕ್ಸಿನ ಮೊದಲ ಪೇಟೆಂಟ್ ಪಡೆದವನು ಇವನು. ಅದು 1843ರ ಮೇ 27ರಂದು. ದೂರವಾಣಿ ಹುಟ್ಟುವುದಕ್ಕೆ ಮೂವತ್ತಕ್ಕೂ ಹೆಚ್ಚು ವರ್ಷ ಮೊದಲು!

ಅಲೆಕ್ಸಾಂಡರ್ ಬೇನ್ ಹುಟ್ಟಿದ್ದು 1810ರಲ್ಲಿ, ಸ್ಕಾಟ್ಲೆಂಡಿನ ಉತ್ತರ ತುದಿಯ ಕೇತ್‌ನೆಸ್ ಸೀಮೆಯಲ್ಲಿ, ವಾಟನ್ ಎಂಬ ಹಳ್ಳಿಯ ಹತ್ತಿರ. ತಂದೆ ಗೇಣಿ ರೈತ. ಮನೆ ತುಂಬ ಮಕ್ಕಳು, ಬೇನ್‌ಗೆ ಒಬ್ಬಳು ಅವಳಿ ತಂಗಿಯೂ ಇದ್ದಳು. ಶಾಲೆಯಲ್ಲಿ ಅವನು ಜಾಣನೆನಿಸಿಕೊಂಡವನಲ್ಲ, ಹಿಂದಿನ ಬೆಂಚಿನ ಹುಡುಗ. ಚಳಿಗಾಲದಲ್ಲಿ ಓದು, ಬೇಸಿಗೆಯಲ್ಲಿ ದನ ಕುರಿ ಕಾಯುವುದು. ನಮ್ಮ ಕಾಲದ ಎಷ್ಟೋ ಜನರಿಗೆ ಇದನ್ನು ವಿವರಿಸಬೇಕಿಲ್ಲ. ಮೇಷ್ಟ್ರ ಕಣ್ಣಿಗೆ ಬೀಳದ ಹುಡುಗ ಮನೆಯಲ್ಲಿ ಮಾತ್ರ ಗಡಿಯಾರವೆಂದರೆ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಅದನ್ನು ಕಂಡು ಅಪ್ಪ ಅವನನ್ನು ವಿಕ್ ಪಟ್ಟಣದ ಗಡಿಯಾರ ರಿಪೇರಿಯವರ ಬಳಿ ಕೆಲಸ ಕಲಿಯಲು ಬಿಟ್ಟರು.

ಅವನ ಬದುಕು ತಿರುಗಿದ್ದು 1830ರ ಜನವರಿಯಲ್ಲಿ. ಥರ್ಸೊ ಪಟ್ಟಣದಲ್ಲಿ ಬೆಳಕು, ಶಾಖ ಮತ್ತು ವಿದ್ಯುತ್ತಿನ ಬಗ್ಗೆ ಉಪನ್ಯಾಸವಿದೆ, ಪ್ರವೇಶ ಒಂದು ಪೆನ್ನಿ ಎಂದು ಸುದ್ದಿ ಬಂತು. ಹುಡುಗ ಆ ಚಳಿಯಲ್ಲಿ ಸುಮಾರು ಹದಿಮೂರು ಮೈಲಿ ನಡೆದು ಹೋದ, ಕೇಳಿದ, ರಾತ್ರಿ ಅಷ್ಟೇ ದೂರ ನಡೆದು ಬಂದ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಶಿವಮೊಗ್ಗದಿಂದ ಭದ್ರಾವತಿಗೆ ನಡೆದು ಹೋಗಿ, ಭಾಷಣ ಕೇಳಿ, ವಾಪಸು ನಡೆದು ಬಂದ ಹಾಗೆ. ಉಪನ್ಯಾಸಕರು ಯಾರು, ಎಷ್ಟು ಚೆನ್ನಾಗಿ ಹೇಳಿದರು ಎಂಬುದು ಮುಖ್ಯವಲ್ಲ. ಗಡಿಯಾರವನ್ನು ವಿದ್ಯುತ್ತಿನಿಂದ ನಡೆಸಬಹುದಲ್ಲ ಎಂಬ ಹುಳು ಅಂದಿನಿಂದ ಅವನ ತಲೆ ಹೊಕ್ಕಿತು.

ಎಡಿನ್‌ಬರೊಗೆ ಹೋದ, 1837ರಲ್ಲಿ ಲಂಡನ್ ಸೇರಿದ. ಹಗಲು ಗಡಿಯಾರದ ಅಂಗಡಿಯಲ್ಲಿ ಕೂಲಿ ಕೆಲಸ, ಸಂಜೆ ವಿಜ್ಞಾನದ ಉಪನ್ಯಾಸಗಳು. 1840ರ ಹೊತ್ತಿಗೆ ವಿದ್ಯುತ್ ಗಡಿಯಾರದ ಮಾದರಿಯನ್ನೂ ಅಕ್ಷರ ಮುದ್ರಿಸುವ ತಂತಿ ಯಂತ್ರದ ಮಾದರಿಯನ್ನೂ ಮಾಡಿಕೊಂಡಿದ್ದ, ಕೈಯಲ್ಲಿ ಮಾತ್ರ ಕಾಸಿರಲಿಲ್ಲ. ಪತ್ರಿಕೆಯೊಂದರ ಸಂಪಾದಕರು ಅವನನ್ನು ಚಾರ್ಲ್ಸ್ ವೀಟ್‌ಸ್ಟನ್ ಎಂಬ ಪ್ರೊಫೆಸರರ ಬಳಿ ಕಳಿಸಿದರು. ಕಿಂಗ್ಸ್ ಕಾಲೇಜಿನವರು, ತಂತಿ ವಿದ್ಯೆಯಲ್ಲಿ ಆ ಕಾಲಕ್ಕೆ ಬಹಳ ದೊಡ್ಡ ಹೆಸರು. ಅವರು ಮಾದರಿ ನೋಡಿದರು. ಇದಕ್ಕೆ ಭವಿಷ್ಯವಿಲ್ಲ, ಮುಂದುವರಿಸಬೇಡ ಎಂದರಂತೆ. ಮೂರು ತಿಂಗಳಾಗುವಷ್ಟರಲ್ಲಿ, ಅದೇ 1840ರ ನವೆಂಬರಿನಲ್ಲಿ, ರಾಯಲ್ ಸೊಸೈಟಿಯ ಮುಂದೆ ವೀಟ್‌ಸ್ಟನ್ ತಮ್ಮದೆಂದು ಒಂದು ವಿದ್ಯುತ್ ಗಡಿಯಾರ ತೋರಿಸಿದರು.

ಬೇನ್ ಅಷ್ಟರಲ್ಲಿ ಸುಮ್ಮನೆ ಕೂತಿರಲಿಲ್ಲ ಎನ್ನುವುದೇ ಸಮಾಧಾನ. ಬಾರ್ವೈಸ್ ಎಂಬ ಗಡಿಯಾರ ತಯಾರಕರ ಜೊತೆ ಸೇರಿ ಅಕ್ಟೋಬರಿನಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದ. 1841ರ ಜನವರಿಯಲ್ಲಿ ಅದು ಸಿಕ್ಕಿತು. ಜಗಳ ವರ್ಷಗಟ್ಟಲೆ ನಡೆಯಿತು. 1846ರಲ್ಲಿ ಎಲೆಕ್ಟ್ರಿಕ್ ಟೆಲಿಗ್ರಾಫ್ ಕಂಪನಿಯ ಮಸೂದೆ ಬ್ರಿಟಿಷ್ ಸಂಸತ್ತಿಗೆ ಬಂದಾಗ ಹೌಸ್ ಆಫ್ ಲಾರ್ಡ್ಸ್ ಬೇನ್‌ನನ್ನೇ ಸಾಕ್ಷಿಗೆ ಕರೆಸಿತು. ಗೇಣಿ ರೈತನ ಮಗ ಲಾರ್ಡ್‌ಗಳ ಮುಂದೆ ನಿಂತು ತನ್ನ ಕಥೆ ಹೇಳಿದ. ಕಂಪನಿ ಅವನಿಗೆ ಸುಮಾರು ಹತ್ತು ಸಾವಿರ ಪೌಂಡ್ ಕೊಟ್ಟು, ಕೆಲಸವನ್ನೂ ಕೊಡಬೇಕಾಯಿತು. ವೀಟ್‌ಸ್ಟನ್ ಕಂಪನಿ ಬಿಟ್ಟರು.

ಈ ಜಗಳದ ನಡುವೆಯೇ ಫ್ಯಾಕ್ಸ್ ಹುಟ್ಟಿದ್ದು. ಅದು ಹೇಗೆ ಕೆಲಸ ಮಾಡಬೇಕಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನನ್ನ ಕಥೆಯೂ ಅಲ್ಲೇ ಬಂದು ನಿಲ್ಲುತ್ತದೆ. ಕಳಿಸುವ ಊರಿನಲ್ಲಿ ಅಚ್ಚಿನ ಮೊಳೆಗಳಂಥ ಲೋಹದ ಅಕ್ಷರಗಳನ್ನು ಚೌಕಟ್ಟಿನಲ್ಲಿ ಜೋಡಿಸಬೇಕು. ಒಂದು ಲೋಲಕದ ತುದಿಯ ಮುಳ್ಳು ಅವುಗಳ ಮೇಲೆ ಅತ್ತಿಂದಿತ್ತ ತೂಗುತ್ತದೆ. ಲೋಹ ತಾಗಿದಾಗ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ, ಖಾಲಿ ಜಾಗದಲ್ಲಿ ನಿಲ್ಲುತ್ತದೆ. ಒಂದು ತೂಗಿಗೆ ಚೌಕಟ್ಟು ಒಂದು ಗೆರೆಯಷ್ಟು ಕೆಳಗಿಳಿಯುತ್ತದೆ. ಪಡೆಯುವ ಊರಿನಲ್ಲಿ ಇನ್ನೊಂದು ಲೋಲಕ, ಅದರ ಮುಳ್ಳಿನ ಕೆಳಗೆ ರಾಸಾಯನಿಕದಲ್ಲಿ ನೆನೆಸಿದ ಕಾಗದ. ವಿದ್ಯುತ್ ಬಂದಲ್ಲಿ ಕಾಗದ ಬಣ್ಣ ತಿರುಗುತ್ತದೆ. ಗೆರೆ ಗೆರೆಯಾಗಿ ಅಕ್ಷರ ಮೂಡುತ್ತದೆ. ಚಿತ್ರವನ್ನು ಗೆರೆಗಳಾಗಿ ಸೀಳಿ ಕಳಿಸುವ ಈ ಉಪಾಯವೇ ಮುಂದೆ ಟಿ.ವಿ.ಗೂ ಬಂತು. ಆದರೆ ಎರಡು ಲೋಲಕಗಳೂ ಒಂದೇ ಹೊತ್ತಿಗೆ ತೂಗಬೇಕು. ಒಂದು ಕೂದಲೆಳೆಯಷ್ಟು ಮುಂದೆ ಹೋದರೂ ಅಕ್ಷರ ಓರೆಯಾಗಿ, ಕೊನೆಗೆ ಕಲಸಿಹೋಗುತ್ತದೆ. ಗಡಿಯಾರದವನಿಗಲ್ಲದೆ ಬೇರೆ ಯಾರಿಗೆ ಇದು ಹೊಳೆಯಬೇಕು? ಪ್ರತಿ ತೂಗಿನ ಕೊನೆಯಲ್ಲೂ ವಿದ್ಯುದಯಸ್ಕಾಂತದಿಂದ ಎರಡನ್ನೂ ಹಿಡಿದು, ಒಟ್ಟಿಗೆ ಬಿಡುವ ವ್ಯವಸ್ಥೆ ಯೋಚಿಸಿದ.

ಈಗ ನನ್ನ ಭಾಗ. 2012ರಲ್ಲಿ ನಾನು ಅಡಿಕೆ ವಹಿವಾಟಿನ ಒಂದು ಸಂಸ್ಥೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಶಿವಮೊಗ್ಗದಲ್ಲಿ ಕಚೇರಿ, ಬೆಂಗಳೂರಿನಲ್ಲಿ ಇನ್ನೊಂದು. ಸಹಿ ಹಾಕಿದ ಬಿಲ್ಲು, ಪಟ್ಟಿಗಳು ದಿನವೂ ಫ್ಯಾಕ್ಸಿನಲ್ಲಿ ಓಡಾಡುತ್ತಿದ್ದವು. ಟೆಲಿಫೋನ್ ಬಿಲ್ಲು ನೋಡಿ ಯಜಮಾನರು ತಲೆ ಕೆಡಿಸಿಕೊಂಡಿದ್ದರು. ಎರಡೂ ಕಚೇರಿಗಳ ನಡುವೆ ಇಂಟರ್‌ನೆಟ್ ಸಂಪರ್ಕ ಇದ್ದೇ ಇತ್ತು. ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಅದರ ಮೇಲೆ ಆಸ್ಟರಿಸ್ಕ್ ಎಂಬ ದೂರವಾಣಿ ತಂತ್ರಾಂಶ, ಹೈಲಾಫ್ಯಾಕ್ಸ್ ಎಂಬ ಫ್ಯಾಕ್ಸ್ ತಂತ್ರಾಂಶ, ನಡುವೆ ಮೋಡೆಮ್‌ನಂತೆ ನಟಿಸುವ ಐಎಎಕ್ಸ್‌ಮೋಡೆಮ್, ಇಷ್ಟನ್ನು ಜೋಡಿಸಿದೆ. ಎಲ್ಲವೂ ಉಚಿತ. ಬೆಂಗಳೂರಿನ ಹಳೆಯ ಫ್ಯಾಕ್ಸ್ ಯಂತ್ರಕ್ಕೆ ಒಂದು ಪುಟ್ಟ ಅಡಾಪ್ಟರ್ ಹಾಕಿ ಇಂಟರ್‌ನೆಟ್ಟಿಗೆ ಸೇರಿಸಿದೆ. ಬಂದ ಫ್ಯಾಕ್ಸ್ ಪಿಡಿಎಫ್ ಆಗಿ ಇಮೇಲಿಗೆ ಬೀಳಬೇಕು.

ಮೊದಲ ದಿನ ಒಂದು ಪುಟವೂ ಬರಲಿಲ್ಲ. ಮಾತಿಗಾಗಿ ಧ್ವನಿಯನ್ನು ಹಿಂಡಿ ಕಳಿಸುವ ಜಿ.729 ಕ್ರಮ ಫ್ಯಾಕ್ಸಿನ ಕೀರಲನ್ನು ಕೆಡಿಸಿಬಿಡುತ್ತದೆ. ಮನುಷ್ಯರ ಕಿವಿಗೆ ಸಾಲುವುದು ಯಂತ್ರಕ್ಕೆ ಸಾಲದು. ಹಿಂಡದೆ ಕಳಿಸುವ ಜಿ.711ಕ್ಕೆ ಬದಲಿಸಿದೆ, ಪ್ರತಿಧ್ವನಿ ತೆಗೆಯುವುದನ್ನು ನಿಲ್ಲಿಸಿದೆ, ವೇಗವನ್ನು 14,400ರಿಂದ 9,600ಕ್ಕೆ ಇಳಿಸಿದೆ. ಒಂದು ಪುಟ ಬಂತು, ಮೂರು ಪುಟ ಬಂತು. ಹತ್ತು ಪುಟದ ಪಟ್ಟಿ ಕಳಿಸಿದರೆ ಏಳನೆಯ ಪುಟದಲ್ಲಿ ಕಡಿದುಹೋಗುತ್ತಿತ್ತು. ಎರಡು ವಾರ ಇಂಟರ್‌ನೆಟ್ ಲೈನನ್ನು ಬೈದುಕೊಂಡು ಕಾಲ ಕಳೆದೆ.

ನನ್ನ ಕೈಕೆಳಗೆ ಒಬ್ಬ ಹುಡುಗನಿದ್ದ. ಐಟಿಐ ಮುಗಿಸಿ ಬಂದವನು, ನಮ್ಮ ಶಾಲೆಯವನೇ, ನನಗಿಂತ ಎಷ್ಟೋ ವರ್ಷ ಕಿರಿಯ. ಕೇಬಲ್ ಎಳೆಯುವುದು, ಟೀ ತರುವುದು ಅವನ ಕೆಲಸ. ಅವನು ಒಂದು ವಾರ ತನ್ನ ಕೈಗಡಿಯಾರ ನೋಡಿ ಹಳೆಯ ಡೈರಿಯಲ್ಲಿ ಬರೆದಿಟ್ಟಿದ್ದ. ಲೈನು ಕೆಟ್ಟಿದ್ದರೆ ಯಾವಾಗ ಬೇಕಾದರೂ ಕಡಿಯಬೇಕಿತ್ತು ಸಾರ್, ಇದು ಯಾವಾಗಲೂ ಏಳು ನಿಮಿಷದ ಹತ್ತಿರವೇ ಕಡಿಯುತ್ತಿದೆ, ಎರಡು ಕಡೆಯ ಟೈಮು ಒಂದೇ ಇಲ್ಲವೇನೋ ಎಂದ.

ಅದು ನಿಜವಾಗಿತ್ತು. ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆದು ಕಳಿಸಲಾಗುತ್ತದೆ. ಅಡಾಪ್ಟರಿನ ಒಳಗಿನ ಗಡಿಯಾರ, ಸರ್ವರಿನ ಗಡಿಯಾರ ಎರಡರ ನಡುವೆ ಹತ್ತು ಲಕ್ಷಕ್ಕೆ ಐವತ್ತರಷ್ಟು ವ್ಯತ್ಯಾಸವಿದ್ದರೆ ಸಾಕು. ಸುಮಾರು ಏಳು ನಿಮಿಷಕ್ಕೆ 160 ಅಳತೆಗಳ ಒಂದು ಪೊಟ್ಟಣ ಹೆಚ್ಚೋ ಕಡಿಮೆಯೋ ಆಗುತ್ತದೆ, ಫ್ಯಾಕ್ಸ್ ಎಡವುತ್ತದೆ. ಬೇನ್‌ನ ಎರಡು ಲೋಲಕಗಳ ಸಮಸ್ಯೆಯೇ ಇದು! ನೂರ ಎಪ್ಪತ್ತು ವರ್ಷವಾದರೂ ಹಾಗೆಯೇ ಇತ್ತು. ಅಡಾಪ್ಟರಿನಲ್ಲೂ ಆಸ್ಟರಿಸ್ಕ್‌ನಲ್ಲೂ ಟಿ.38 ಕ್ರಮವನ್ನು ಚಾಲೂ ಮಾಡಿದೆವು. ಅದು ಕೀರಲು ಧ್ವನಿಯನ್ನಲ್ಲ, ಅದರೊಳಗಿನ ಮಾಹಿತಿಯನ್ನೇ ಬಿಡಿಸಿ, ಪ್ರತಿ ಪೊಟ್ಟಣದ ಜೊತೆ ಹಿಂದಿನದರ ನಕಲನ್ನೂ ಸೇರಿಸಿ ಕಳಿಸುತ್ತದೆ. ಮರುದಿನ ನಲವತ್ತು ಪುಟ ಒಂದೇ ಸಲಕ್ಕೆ ಬಂತು.

ಯಜಮಾನರು ವರದಿ ಕೇಳಿದರು. ಬರೆದೆ. ಕೆಳಗೆ ನನ್ನ ಸಹಿ ಮಾತ್ರ ಹಾಕಿದೆ. ಡೈರಿಯ ವಿಷಯ ಬರೆಯಲಿಲ್ಲ. ಆ ವರ್ಷ ನನಗೆ ಸಂಬಳ ಏರಿತು, ಹುಡುಗನಿಗೆ ಏರಲಿಲ್ಲ. ಆರು ತಿಂಗಳಿಗೆ ಅವನು ಕೆಲಸ ಬಿಟ್ಟು ಹೋದ. ಯಾಕೆಂದು ನಾನು ಕೇಳಲಿಲ್ಲ. ಬೇನ್‌ನ ಕಥೆ ಓದಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ವೀಟ್‌ಸ್ಟನ್ ಪ್ರಸಂಗ ಬಂದ ಪುಟದಲ್ಲಿ ಪುಸ್ತಕ ಮಡಿಸಿ ಇಟ್ಟೆ, ಎರಡು ದಿನ ತೆರೆಯಲಿಲ್ಲ.

ಬೇನ್‌ನ ಉಳಿದ ಬದುಕು ಬೇಗ ಹೇಳಿ ಮುಗಿಸುವಂಥದ್ದೇ. ರಂಧ್ರ ಕೊರೆದ ಕಾಗದದ ಪಟ್ಟಿಯಿಂದ ಸುದ್ದಿ ಕಳಿಸುವ ಅವನ ರಾಸಾಯನಿಕ ತಂತಿ ಯಂತ್ರ ಪ್ಯಾರಿಸ್ ಮತ್ತು ಲೀಲ್ ನಡುವಿನ ಪರೀಕ್ಷೆಯಲ್ಲಿ 52 ಸೆಕೆಂಡಿನಲ್ಲಿ 282 ಪದ ಕಳಿಸಿತು. ಮಾರ್ಸ್ ಯಂತ್ರಕ್ಕೆ ಆಗ ನಿಮಿಷಕ್ಕೆ ನಲವತ್ತು ಪದವಾದರೆ ಹೆಚ್ಚು. ಅಮೆರಿಕಕ್ಕೆ ಹೋದ. ಅಲ್ಲಿ ಮಾರ್ಸ್ ಕಡೆಯವರೊಂದಿಗೆ ಪೇಟೆಂಟ್ ವ್ಯಾಜ್ಯ, ವಕೀಲರ ಖರ್ಚು. ಬಂದ ಹಣವೆಲ್ಲ ಹೋಯಿತು. ಫ್ಯಾಕ್ಸನ್ನು ಬೇಕ್‌ವೆಲ್ ಎಂಬವರು ಸುಧಾರಿಸಿ 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ತೋರಿಸಿದರು, ಇಟಲಿಯ ಕಸೆಲ್ಲಿ 1865ರಲ್ಲಿ ಪ್ಯಾರಿಸ್ ಮತ್ತು ಲಿಯೋನ್ ನಡುವೆ ಸೇವೆಯನ್ನೇ ಆರಂಭಿಸಿದರು. ಬೇನ್ ಮತ್ತೆ ಗಡಿಯಾರ ರಿಪೇರಿಗೆ ಇಳಿದಿದ್ದ. 1873ರಲ್ಲಿ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, ಇನ್ನೂ ಕೆಲವರ ಜೊತೆ ಸೇರಿ ಅವನಿಗೆ ವರ್ಷಕ್ಕೆ 80 ಪೌಂಡಿನ ಸರ್ಕಾರಿ ಪಿಂಚಣಿ ಕೊಡಿಸಿದರು. ಕಾಲು ಸ್ವಾಧೀನ ತಪ್ಪಿತ್ತು. 1877ರ ಜನವರಿ 2ರಂದು ಗ್ಲಾಸ್ಗೊ ಬಳಿಯ ಕರ್ಕಿಂಟಿಲಾಕ್‌ನಲ್ಲಿ, ವಾಸಿಯಾಗದ ರೋಗಿಗಳ ಆಶ್ರಯದಲ್ಲಿ ತೀರಿಕೊಂಡ. ವಿಶ್ವಕೋಶಗಳಲ್ಲಿ ಹುಡುಕುವ ವಿದ್ಯಾರ್ಥಿಗಳಿಗೆ ಒಂದು ಮಾತು: ಅದೇ ಹೆಸರಿನ, ಅದೇ ದೇಶದ ಒಬ್ಬ ತತ್ವಶಾಸ್ತ್ರಜ್ಞರಿದ್ದಾರೆ. ಎಷ್ಟೋ ಕಡೆ ಮೊದಲು ಸಿಗುವುದು ಅವರೇ.

ಸಮಾಧಿಯ ಕಲ್ಲಿನ ಮೇಲೆ ಅವನು ಸತ್ತ ವರ್ಷವನ್ನೂ ತಪ್ಪಾಗಿ ಕೆತ್ತಿದ್ದರು. ಅದನ್ನು ತಿದ್ದಿದ್ದು 1959ರಲ್ಲಿ, ಎಂಬತ್ತಕ್ಕೂ ಹೆಚ್ಚು ವರ್ಷವಾದ ಮೇಲೆ.

ಈ ಲೇಖನ ಬರೆಯುವಾಗ ನಂಬರ್ ಹುಡುಕಿ ಆ ಹುಡುಗನಿಗೆ ಫೋನ್ ಮಾಡಿದೆ. ಈಗ ಅವನದೇ ಅಂಗಡಿಯಿದೆ, ಇಬ್ಬರು ಮಕ್ಕಳಿದ್ದಾರೆ. ನಡೆದದ್ದನ್ನು ಹೀಗೆ ಹೀಗೆ ಬರೆದಿದ್ದೇನೆ, ನಿನ್ನ ಹೆಸರು ಹಾಕುತ್ತೇನಪ್ಪಾ ಎಂದು ಓದಿ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಹೆಸರು ಬೇಡ ಸಾರ್, ಮಹೋತ್ಸವಕ್ಕೆ ಬರುತ್ತೇನೆ ಎಂದ. ಆಮೇಲೆ, ಕಡಿಯುತ್ತಿದ್ದದ್ದು ಏಳನೆಯ ಪುಟದಲ್ಲಲ್ಲ, ಎಂಟನೆಯದರಲ್ಲಿ, ಡೈರಿ ಇನ್ನೂ ಇಟ್ಟಿದ್ದೇನೆ ಎಂದ. ಓದುಗರು ಮೇಲೆ ತಿದ್ದಿಕೊಳ್ಳಬೇಕು.