ಅಲೆಯ ಗಣಿತದಿಂದ ಅರಿವಿನ ಪ್ರಶ್ನೆಗೆ: ಶ್ರೋಡಿಂಗರ್

ಭೌತವಿಜ್ಞಾನಿ ಎರ್ವಿನ್ ಶ್ರೋಡಿಂಗರ್ ಜನಿಸಿದ್ದು 1887ರ ಆಗಸ್ಟ್ 12ರಂದು, ವಿಯೆನ್ನಾದಲ್ಲಿ. ಎಲೆಕ್ಟ್ರಾನಿನ ವರ್ತನೆಯನ್ನು ಅಲೆಯ ಗಣಿತದಲ್ಲಿ ಹಿಡಿದಿಟ್ಟ ಅವರ 1926ರ ಸಮೀಕರಣ, 1933ರಲ್ಲಿ ಪಾಲ್ ಡಿರಾಕ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ತಂದುಕೊಟ್ಟಿತು. ಆದರೆ ಆ ಅಲೆ ಕೇವಲ ಸಂಭವನೀಯತೆಯ ಲೆಕ್ಕವೆಂಬ ವ್ಯಾಖ್ಯಾನವನ್ನು ಅವರು ಒಪ್ಪಲಿಲ್ಲ. ಏಕಕಾಲಕ್ಕೆ ಬದುಕಿಯೂ ಸತ್ತೂ ಇರುವ ಬೆಕ್ಕಿನ ಉದಾಹರಣೆಯನ್ನು 1935ರಲ್ಲಿ ಮುಂದಿಟ್ಟದ್ದು, ಪ್ರಚಲಿತ ವಾದದ ಅಸಂಗತತೆಯನ್ನು ತೋರಿಸಲೆಂದೇ.

ನಾಜಿ ಆಡಳಿತವನ್ನು ಸಹಿಸದೆ 1933ರಲ್ಲಿ ಬರ್ಲಿನ್ ತೊರೆದಿದ್ದ ಅವರು, 1938ರಲ್ಲಿ ಆಸ್ಟ್ರಿಯಾ ಹಿಟ್ಲರನ ವಶವಾದಾಗ ಅದೇ ಆಡಳಿತವನ್ನು ಬೆಂಬಲಿಸಿ ಪತ್ರ ಬರೆದರು. ಆದರೂ ಗ್ರಾಜ್ ವಿಶ್ವವಿದ್ಯಾಲಯದ ಹುದ್ದೆ ಉಳಿಯಲಿಲ್ಲ; ಪತ್ರದ ಬಗೆಗಿನ ಪಶ್ಚಾತ್ತಾಪ ಮಾತ್ರ ಉಳಿಯಿತು.

ಮುಂದೆ ಆಶ್ರಯವಿತ್ತದ್ದು ಐರ್ಲೆಂಡಿನ ಡಬ್ಲಿನ್. ಅಲ್ಲಿ 1943ರಲ್ಲಿ ಜೀವದ ಸ್ವರೂಪ ಕುರಿತು ನೀಡಿದ ಉಪನ್ಯಾಸಗಳು ಮರುವರ್ಷ ಪುಸ್ತಕವಾಗಿ, ಡಿಎನ್‌ಎ ರಚನೆಯನ್ನು ಕಂಡುಹಿಡಿದ ವಾಟ್ಸನ್ ಮತ್ತು ಕ್ರಿಕ್ ಅವರಿಗೆ ಪ್ರೇರಣೆಯಾದವು. ಆ ಪುಸ್ತಕದ ಕೊನೆಯಲ್ಲಿ ಅವರು ಉಪನಿಷತ್ತುಗಳನ್ನು ನೆನೆದು, ಪ್ರಜ್ಞೆ ಅನೇಕವಲ್ಲ, ಒಂದೇ ಎಂದು ಪ್ರತಿಪಾದಿಸಿದರು. ನೋಡುವವನನ್ನು ಹೊರಗಿಟ್ಟೇ ವಿಜ್ಞಾನ ತನ್ನ ಜಗತ್ತಿನ ಚಿತ್ರವನ್ನು ಬಿಡಿಸುತ್ತದೆ. ಆ ಚಿತ್ರದೊಳಗೆ ಅರಿವನ್ನು ಹುಡುಕಿದರೆ ಸಿಗದೆಂಬುದು ಅವರ ನಿಲುವಾಗಿತ್ತು. 1961ರ ಜನವರಿ 4ರಂದು ವಿಯೆನ್ನಾದಲ್ಲೇ ಅವರು ನಿಧನರಾದರು. ಸಮೀಕರಣ ಪಠ್ಯಪುಸ್ತಕ ಸೇರಿತು. ಅರಿವಿನ ಪ್ರಶ್ನೆಗೆ ಸರ್ವಸಮ್ಮತ ಉತ್ತರ ಇನ್ನೂ ದೊರೆತಿಲ್ಲ.